ಸಾವಿರ ಲೀಟರ್ ನೀರಿಗೆ ಎಷ್ಟು ಯೂನಿಟ್ ಕರೆಂಟು? ಬೆಂಗಳೂರಿನ ಎರಡು ಬಿಲ್ಲುಗಳ ಒಂದೇ ಲೆಕ್ಕ

ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ರಭಸದಿಂದ 1902ರಲ್ಲಿ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಅದೇ ಕರೆಂಟು ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು. ಅಲ್ಲಿಂದ ಹೆಚ್ಚೇನೂ ದೂರವಿಲ್ಲದ ತೊರೆಕಾಡನಹಳ್ಳಿಯಲ್ಲಿ ಈಗ ನಡೆಯುತ್ತಿರುವುದು ಇದರ ತದ್ವಿರುದ್ಧ ಕೆಲಸ. ಅಲ್ಲಿ ಕರೆಂಟು ಖರ್ಚು ಮಾಡಿ ಕಾವೇರಿಯನ್ನು ಮೇಲಕ್ಕೆ ತಳ್ಳುತ್ತಾರೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ಸಾಗಿ ನೀರು ನಗರ ಸೇರುತ್ತದೆ. ನದಿಗೂ ನಗರಕ್ಕೂ ಎತ್ತರದ ವ್ಯತ್ಯಾಸ 300 ಮೀಟರಿನ ಆಸುಪಾಸು. ಪೈಪಿನೊಳಗಿನ ಘರ್ಷಣೆಯನ್ನೂ ಸೇರಿಸಿದರೆ ಮೂರೂ ಹಂತದ ಪಂಪುಗಳು ಒಟ್ಟು ಸುಮಾರು 500 ಮೀಟರಿನಷ್ಟು ಎತ್ತಿದ ಹಾಗೆ.

2024ರ ಅಕ್ಟೋಬರ್ 16ರಂದು ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ಹಳೆಯ ನಾಲ್ಕು ಹಂತಗಳ 1,450 ಎಂಎಲ್‌ಡಿಗೆ, ಅಂದರೆ ದಿನಕ್ಕೆ 145 ಕೋಟಿ ಲೀಟರಿಗೆ, ಇನ್ನೂ 775 ಎಂಎಲ್‌ಡಿ ಸೇರಿತು. 2007ರಲ್ಲಿ ಪಾಲಿಕೆಗೆ ಸೇರಿದ್ದ 110 ಹಳ್ಳಿಗಳ ಜನ ಹದಿನೇಳು ವರ್ಷ ಕಾದ ನೀರು ಇದು. ಅದರ ಅಗತ್ಯದ ಬಗ್ಗೆ ತಕರಾರು ಎತ್ತುವುದು ಸರಿಯಲ್ಲ. ಆದರೆ ಅಷ್ಟು ನೀರನ್ನು ಎತ್ತಲು ಬೇಕಾದ ಶಕ್ತಿಯ ಲೆಕ್ಕ ಮಾತ್ರ ನಮ್ಮ ನೀರಿನ ಚರ್ಚೆಗಳಲ್ಲಿ ಕಾಣುವುದೇ ಇಲ್ಲ. ನೀರಿನ ಬಿಲ್ಲು ಜಲಮಂಡಳಿಯದು, ಕರೆಂಟ್ ಬಿಲ್ಲು ಬೆಸ್ಕಾಂನದು. ಎರಡನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡುವ ರೂಢಿ ನಮಗಿಲ್ಲ. ಇಟ್ಟು ನೋಡಿದರೆ ಯಾವುದನ್ನು ಮೊದಲು ಉಳಿಸಬೇಕು ಎಂಬ ಸರದಿಯೇ ಬದಲಾಗುತ್ತದೆ.

367 ಎಂಬ ಸಂಖ್ಯೆ

ನೀರು–ವಿದ್ಯುತ್ತಿನ ಲೆಕ್ಕಕ್ಕೆ ಒಂದೇ ಸಂಖ್ಯೆ ನೆನಪಿದ್ದರೆ ಸಾಕು. ಒಂದು ಯೂನಿಟ್ ಕರೆಂಟು, ಚೂರೂ ನಷ್ಟವಿಲ್ಲದೆ ಕೆಲಸ ಮಾಡಿದರೆ, ಸಾವಿರ ಲೀಟರ್ ನೀರನ್ನು 367 ಮೀಟರ್ ಎತ್ತುತ್ತದೆ. ಎತ್ತಬೇಕಾದ ಮೀಟರನ್ನು 367ರಿಂದ ಭಾಗಿಸಿ, ಬಂದದ್ದನ್ನು ಪಂಪಿನ ದಕ್ಷತೆಯಿಂದ ಮತ್ತೊಮ್ಮೆ ಭಾಗಿಸಿ. ಸಿಗುವುದು ಸಾವಿರ ಲೀಟರಿಗೆ ತಗಲುವ ಯೂನಿಟ್.

ಕಾವೇರಿಗೆ ಇದನ್ನು ಹಾಕಿ ನೋಡೋಣ. 500 ಭಾಗಿಸು 367 ಅಂದರೆ 1.36. ದೊಡ್ಡ ಪಂಪುಗಳೂ ಮೋಟಾರುಗಳೂ ಸೇರಿ 75% ದಕ್ಷತೆ ಹಿಡಿದರೆ 1.8 ಯೂನಿಟ್. ಐದೂ ಹಂತಗಳು ಪೂರ್ತಿ ಸಾಮರ್ಥ್ಯದಲ್ಲಿ, 2,225 ಎಂಎಲ್‌ಡಿಯಂತೆ ಓಡಿದರೆ ಈ ಲೆಕ್ಕದಲ್ಲಿ ದಿನಕ್ಕೆ 40 ಲಕ್ಷ ಯೂನಿಟ್ ಬೇಕು. ಅಂದರೆ ಎಡೆಬಿಡದೆ ಸುಮಾರು 167 ಮೆಗಾವ್ಯಾಟ್. ಶಿವನಸಮುದ್ರದ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯ 42 ಮೆಗಾವ್ಯಾಟ್. ಬೆಂಗಳೂರಿಗೆ ನೀರೆತ್ತಲು ಅಂಥವು ನಾಲ್ಕು ಬೇಕು.

ಈಗ ಕೊಳವೆಬಾವಿ. ಸಾವಿರ ಅಡಿ ಕೊರೆದ ಬಾವಿಯಲ್ಲಿ ಪಂಪ್ ಓಡುವಾಗ ನೀರಿನ ಮಟ್ಟ 250 ಮೀಟರಿಗೆ ಇಳಿಯಿತು ಅಂದುಕೊಳ್ಳಿ. ಲೆಕ್ಕಕ್ಕೆ ಬೇಕಾದದ್ದು ಕೊರೆದ ಆಳವಲ್ಲ, ಈ ಮಟ್ಟ. ಸಬ್‌ಮರ್ಸಿಬಲ್ ಸೆಟ್ಟಿನ ಒಟ್ಟು ದಕ್ಷತೆ 40% ಸಿಕ್ಕರೆ ಪುಣ್ಯ. ರಿವೈಂಡಿಂಗ್ ಆದ ಹಳೇ ಮೋಟಾರಾದರೆ ಅದೂ ಇಲ್ಲ. 250 ಭಾಗಿಸು 367, ಭಾಗಿಸು 0.4: ಸಾವಿರ ಲೀಟರಿಗೆ 1.7 ಯೂನಿಟ್. ಅಂದರೆ ನಮ್ಮ ಕಾಲ ಕೆಳಗಿನ ನೀರು, ನೂರು ಕಿಲೋಮೀಟರ್ ಆಚೆಯಿಂದ ಬರುವ ಕಾವೇರಿಯಷ್ಟೇ ಕರೆಂಟು ತಿನ್ನುತ್ತದೆ. ‘ಸ್ಥಳೀಯ ಮೂಲ ಅಗ್ಗ’ ಎಂಬ ಮಾತು ಆಳದ ಬೋರ್‌ವೆಲ್‌ಗೆ ಅನ್ವಯಿಸುವುದಿಲ್ಲ.

ಟ್ಯಾಂಕರ್ ನೀರು ಇನ್ನೂ ದುಬಾರಿ. 6,000 ಲೀಟರಿನ ಟ್ಯಾಂಕರ್ ಹೋಗಿ ಬರುವ 20 ಕಿಲೋಮೀಟರಿಗೆ 4 ಲೀಟರ್ ಡೀಸೆಲ್ ಕುಡಿಯಿತು ಎನ್ನಿ. ಅಷ್ಟು ಡೀಸೆಲ್ ಜನರೇಟರಿಗೆ ಹೋಗಿದ್ದರೆ ಸುಮಾರು 13 ಯೂನಿಟ್ ಬರುತ್ತಿತ್ತು. ಸಾವಿರ ಲೀಟರಿಗೆ 2.2. ಆ ನೀರನ್ನು ಯಾವುದೋ ಬೋರ್‌ವೆಲ್‌ನಿಂದ ಎತ್ತಿದ ಖರ್ಚನ್ನೂ ಸೇರಿಸಿದರೆ 4 ಯೂನಿಟ್ ಹತ್ತಿರ. 2023ರ ಬರದ ಮರುವರ್ಷ, 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಆಗ ಲಕ್ಷಾಂತರ ಮನೆಗಳು ನೆಚ್ಚಿಕೊಂಡದ್ದು ಈ 4 ಯೂನಿಟ್ಟಿನ ನೀರನ್ನೇ.

ಹತ್ತು ಮೀಟರ್ ಆಳದ ತೆರೆದ ಬಾವಿಯಲ್ಲಿ ನೀರಿದ್ದರೆ? ಮಹಡಿಯ ಟ್ಯಾಂಕಿಗೆ ಏರಿಸುವುದೂ ಸೇರಿ 22 ಮೀಟರ್. ಮನೆಯ ಸಣ್ಣ ಪಂಪಿನ ದಕ್ಷತೆ 30% ಅಂದುಕೊಂಡರೂ 0.2 ಯೂನಿಟ್, ಬೋರ್‌ವೆಲ್‌ನ ಎಂಟನೇ ಒಂದು ಭಾಗದಷ್ಟು. ಸಂಪಿಗೆ ಬಿದ್ದ ಮಳೆನೀರಿಗೆ 0.1ರ ಹತ್ತಿರ. ಛಾವಣಿಯ ಮಟ್ಟದಲ್ಲೇ ತಡೆದು ಕೆಳಗಿನ ನಲ್ಲಿಗೆ ಬಿಟ್ಟರೆ ಸೊನ್ನೆ.

ನಾಲ್ಕು ಜನರ ಮನೆ ತಲೆಗೆ 135 ಲೀಟರಿನಂತೆ ದಿನಕ್ಕೆ 540 ಲೀಟರ್ ಕಾವೇರಿ ಬಳಸಿದರೆ ಅದರ ಹಿಂದೆ ದಿನಕ್ಕೆ ಸುಮಾರು ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್ ಕರೆಂಟು ಇರುತ್ತದೆ. ಮನೆಯ ಮೀಟರಿನಲ್ಲಿ ಇದು ಕಾಣುವುದಿಲ್ಲ. ನೀರಿನ ಬಿಲ್ಲಿನಲ್ಲೂ ಸರಿಯಾಗಿ ಕಂಡಿದ್ದಿಲ್ಲ. 2014ರ ದರಪಟ್ಟಿಯಲ್ಲಿ ಗೃಹಬಳಕೆಯ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ ಇತ್ತು. ಯೂನಿಟ್ಟಿಗೆ 5 ರೂಪಾಯಿ ಎಂದು ಕಡಿಮೆಯೇ ಹಿಡಿದರೂ ಪಂಪಿಂಗ್ ಒಂದಕ್ಕೇ 9 ರೂಪಾಯಿ. ಶುದ್ಧೀಕರಣ, ಸಿಬ್ಬಂದಿ, ಪೈಪು, ಸಾಲದ ಬಡ್ಡಿ ಎಲ್ಲ ಅದರ ಮೇಲೆ. 2025ರ ಏಪ್ರಿಲ್‌ನಲ್ಲಿ, ದಶಕ ಕಳೆದ ಮೇಲೆ, ದರ ಏರಿಸಿದಾಗ ಗಲಾಟೆಯಾಯಿತು. ಬಡವರ ಮೊದಲ ಕೆಲವು ಸಾವಿರ ಲೀಟರ್ ಅಗ್ಗವಾಗಿರಲಿ, ಅದರಲ್ಲಿ ತಪ್ಪಿಲ್ಲ. ತಿಂಗಳಿಗೆ 50,000 ಲೀಟರ್ ಸುರಿಯುವ ಮನೆಗೂ ಮೊದಲ ಕೆಲವು ಸಾವಿರ ಲೀಟರ್ ಅಸಲಿಗಿಂತ ಕಡಿಮೆಗೆ ಸಿಗಬೇಕೇ ಎಂಬುದು ಬೇರೆ ಪ್ರಶ್ನೆ.

ಸೋರಿಕೆ, ಮತ್ತು ಅದನ್ನು ಸಾಕುವ ಒತ್ತಡ

ನಗರಕ್ಕೆ ಬಂದ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಬಿಲ್ಲಾಗದೆ ಹೋಗುತ್ತದೆ. ಇದೆಲ್ಲ ಸೋರಿಕೆಯಲ್ಲ; ನಿಂತ ಮೀಟರು, ನಿಧಾನ ಓಡುವ ಮೀಟರು, ಕಳ್ಳ ಸಂಪರ್ಕ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಸೋರುವ ಪ್ರತಿ ಹನಿಯೂ 1.8 ಯೂನಿಟ್ಟಿನ ಪೂರ್ತಿ ಪ್ರಯಾಣ ಮುಗಿಸಿ ಬಂದ ನೀರು. ದಾರಿಯ ಕೊನೆಯಲ್ಲಿ ಕಳೆದದ್ದರ ಬೆಲೆಯೇ ಹೆಚ್ಚು.

3 ಮಿಲಿಮೀಟರ್ ರಂಧ್ರ, ಅಂದರೆ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. 30 ಮೀಟರ್ ಒತ್ತಡದ, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಏರಿಸಬಲ್ಲ ಒತ್ತಡದ, ಪೈಪಿನಲ್ಲಿ ಅದರ ಮೂಲಕ ದಿನಕ್ಕೆ ಸುಮಾರು 9,000 ಲೀಟರ್ ಹರಿಯುತ್ತದೆ. ಹದಿನಾರು ಮನೆಗಳ ನೀರು, ದಿನಕ್ಕೆ 16 ಯೂನಿಟ್ ಕರೆಂಟು. ಅದೇ ಪೈಪಿನ ಒತ್ತಡವನ್ನು 10 ಮೀಟರಿಗೆ ಇಳಿಸಿದರೆ ಅದೇ ರಂಧ್ರದಿಂದ 5,000 ಲೀಟರ್ ಚಿಲ್ಲರೆ. ಇದು ಲೋಹದ ಪೈಪಿನ ದುಂಡು ರಂಧ್ರದ ಲೆಕ್ಕ. ಪ್ಲಾಸ್ಟಿಕ್ ಪೈಪಿನ ಉದ್ದ ಸೀಳು ಒತ್ತಡ ಏರಿದಷ್ಟೂ ಬಾಯಿ ಬಿಡುವುದರಿಂದ ಒತ್ತಡ ಇಳಿಸಿದಾಗ ಉಳಿತಾಯ ಇನ್ನೂ ಹೆಚ್ಚು. ರಸ್ತೆ ಅಗೆಯದೆ, ಒಂದು ಪೈಪನ್ನೂ ಬದಲಿಸದೆ ಸೋರಿಕೆ ಕಡಿಮೆ ಮಾಡುವ ದಾರಿ ಎಂದರೆ ಬಡಾವಣೆಗಳನ್ನು ಪ್ರತ್ಯೇಕ ವಲಯ ಮಾಡಿ, ಪ್ರತಿ ವಲಯದ ಬಾಯಲ್ಲಿ ಒಳಹೋಗುವ ಒಟ್ಟು ನೀರನ್ನು ಅಳೆಯುವ ಬಲ್ಕ್ ಮೀಟರ್ ಮತ್ತು ಒತ್ತಡ ಇಳಿಸುವ ವಾಲ್ವ್ ಇಡುವುದು. ರಾತ್ರಿ 2ರಿಂದ 4ರವರೆಗೆ ಯಾರೂ ನೀರು ಬಳಸದಿರುವಾಗ ಆ ಮೀಟರ್ ಎಷ್ಟು ತೋರಿಸುತ್ತದೋ ಹೆಚ್ಚುಕಡಿಮೆ ಅಷ್ಟು ಸೋರಿಕೆ.

ಇಲ್ಲೊಂದು ತೊಡಕಿದೆ. ಈ ಲೆಕ್ಕ ಸರಿಯಾಗಿ ಸಿಗುವುದು 24 ಗಂಟೆ ನೀರಿರುವ ಜಾಲದಲ್ಲಿ. ನಮ್ಮಲ್ಲಿ ವಾಲ್ವ್‌ಮನ್ ಬಂದು ತಿರುಗಿಸಿದ ಮೇಲೆ ನಾಲ್ಕು ಗಂಟೆ ನೀರು, ಅದೂ ಹಲವು ಕಡೆ ದಿನ ಬಿಟ್ಟು ದಿನ. ರಾತ್ರಿ ನೀರು ಬಿಟ್ಟರೆ ಆ ಹೊತ್ತಿಗೆ ಸಂಪುಗಳು ತುಂಬುತ್ತಿರುತ್ತವೆ. ಬಳಕೆ ಯಾವುದು, ಸೋರಿಕೆ ಯಾವುದು ತಿಳಿಯುವುದಿಲ್ಲ. ಇಡೀ ದಿನ ಹರಿಯಬೇಕಾದ ನೀರನ್ನು ನಾಲ್ಕು ಗಂಟೆಯಲ್ಲಿ ತಳ್ಳಿದರೆ ಹರಿವು ಆರು ಪಟ್ಟು, ಘರ್ಷಣೆಯ ನಷ್ಟ ಸುಮಾರು 30 ಪಟ್ಟು. ರಸ್ತೆಯ ಮೊದಲ ಮನೆಯ ಸಂಪು ಉಕ್ಕಿದರೂ ಕೊನೆಯ ಮನೆಗೆ ಗಾಳಿ ಮಾತ್ರ ಬರುವುದು ಇದರಿಂದಲೇ. ಕೊನೆಯ ಮನೆಯವರು ಬೀದಿ ಪೈಪಿಗೇ ಮೋಟಾರ್ ಹಾಕುತ್ತಾರೆ. ಕಾನೂನುಬಾಹಿರ ಎನ್ನುವುದು ಹಾಗಿರಲಿ, ಮೋಟಾರ್ ಎಳೆದಾಗ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ಅದೇ 3 ಮಿಲಿಮೀಟರ್ ರಂಧ್ರದಿಂದ ಪಕ್ಕದ ಚರಂಡಿ ನೀರು ಒಳಗೆ ಬರುತ್ತದೆ.

ಮನೆಯ ಸಂಪು ಕೂಡ ಈ ವ್ಯವಸ್ಥೆಯ ಕೂಸು. ಬೀದಿಯಲ್ಲಿ 10 ಮೀಟರ್ ಒತ್ತಡದಲ್ಲಿದ್ದ ನೀರು ನೆಲದ ಕೆಳಗಿನ ಸಂಪಿಗೆ ಬಿದ್ದ ಕ್ಷಣ ಆ ಒತ್ತಡವೆಲ್ಲ ಸೊನ್ನೆ. ಮತ್ತೆ ನಮ್ಮ ಮೋಟಾರ್ ಅದನ್ನು ಮಹಡಿಗೆ ಎತ್ತಬೇಕು. ಸಂಪಿನ ಸೋರಿಕೆಯನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಅದು ಮೀಟರಿನ ಆಚೆ, ನೆಲದ ಕೆಳಗೆ. ನೋಡುವುದು ಸುಲಭ: ನೀರು ಬರದ ದಿನ ರಾತ್ರಿ 11ಕ್ಕೆ ಮೋಟಾರ್ ನಿಲ್ಲಿಸಿ, ಕೋಲಿನಿಂದ ಮಟ್ಟ ಗುರುತು ಮಾಡಿ, ಬೆಳಿಗ್ಗೆ 5ಕ್ಕೆ ಮತ್ತೆ ಅಳೆಯಿರಿ. 5 ಅಡಿಗೆ 8 ಅಡಿ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 37 ಲೀಟರ್ ಹೋಯಿತು ಎಂದು ಅರ್ಥ. ಆರು ಗಂಟೆಗೆ ಅಷ್ಟಾದರೆ ದಿನಕ್ಕೆ ಸುಮಾರು 150. ಮಟ್ಟ ಇಳಿಯುವ ಬದಲು ಏರಿದ್ದರೆ ಕೂಡಲೇ ಸಂಪು ಖಾಲಿ ಮಾಡಿ. ಹೊರಗಿನದು ಒಳಗೆ ಬರುತ್ತಿದೆ.

ಮೋಟಾರಿನ ಪರೀಕ್ಷೆ ಇನ್ನೂ ಸರಳ. ಒಂದು ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಸಾವಿರ ಲೀಟರ್ ಟ್ಯಾಂಕ್ 15 ನಿಮಿಷಕ್ಕೆ ತುಂಬುತ್ತಿದ್ದದ್ದು ಅರ್ಧ ಗಂಟೆ ತೆಗೆದುಕೊಂಡರೆ ಎಳೆಯುವ ಪೈಪಿನ ಬುಡದ ಫುಟ್‌ವಾಲ್ವ್ ಜಾಲರಿ ಕಟ್ಟಿದೆ, ಇಲ್ಲವೇ ಪಂಪಿನೊಳಗೆ ತಿರುಗುವ ಚಕ್ರ (ಇಂಪೆಲ್ಲರ್) ಸವೆದಿದೆ, ಇಲ್ಲವೇ ಎಳೆಯುವ ಪೈಪಿನ ಜಾಯಿಂಟ್‌ನಲ್ಲಿ ಗಾಳಿ ಸೇರುತ್ತಿದೆ. ಇಂಥ ಕಡೆ ವೇಗ ಬದಲಿಸುವ ಡ್ರೈವ್ ಹಾಕಿದರೆ ಕರೆಂಟು ಅರ್ಧ ಉಳಿಯುತ್ತದೆ ಎಂದು ಮಾರಲು ಬರುವವರಿದ್ದಾರೆ. ಆ ಮಾತು ನಿಜವಾಗುವುದು ಘರ್ಷಣೆಯೇ ಹೆಚ್ಚಿರುವ ಉದ್ದ ಜಾಲದಲ್ಲಿ. ನೇರವಾಗಿ ಮೇಲೆತ್ತಿ ಟ್ಯಾಂಕಿಗೆ ಸುರಿಯುವ ಪಂಪಿನಲ್ಲಿ ವೇಗವನ್ನು ಒಂದು ಮಿತಿಗಿಂತ ಇಳಿಸಿದರೆ ನೀರು ಮೇಲಕ್ಕೆ ಹತ್ತುವುದೇ ಇಲ್ಲ.

ಛಾವಣಿ ಎಷ್ಟು ಕೊಡುತ್ತದೆ

ಮಳೆನೀರು ಸಂಗ್ರಹದ ಮಾತು ಬಂದರೆ ಎ.ಆರ್. ಶಿವಕುಮಾರ್ ಹೆಸರು ಬರಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಈ ಎಂಜಿನಿಯರ್, 1990ರ ದಶಕದ ಮಧ್ಯದಲ್ಲಿ ಕಟ್ಟಿದ ತಮ್ಮ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದವರು. ಮಳೆ ಜತೆಗೆ ಬರುವ ಕಸವನ್ನು ಪೈಪಿನಲ್ಲೇ ತಡೆಯುವ ಪಾಪ್‌ಅಪ್ ಫಿಲ್ಟರ್ ಅವರ ವಿನ್ಯಾಸ. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಟ್ಯಾಂಕಿನ ಗಾತ್ರ ನಿರ್ಧರಿಸಿದ ಬಗೆ. ವರ್ಷದ ಒಟ್ಟು ಮಳೆಯನ್ನು ಅವರು ಅಳತೆಗೋಲು ಮಾಡಿಕೊಳ್ಳಲಿಲ್ಲ. ನೂರು ವರ್ಷದ ಮಳೆ ದಾಖಲೆ ನೋಡಿ, ಎರಡು ಒಳ್ಳೆ ಮಳೆಗಳ ನಡುವಿನ ಅಂತರ ಹೆಚ್ಚೆಂದರೆ ಎಷ್ಟು ದಿನ ಎಂದು ಹುಡುಕಿದರು. ಸಿಕ್ಕಿದ್ದು ಸುಮಾರು 100 ದಿನ. ಮನೆಗೆ ದಿನಕ್ಕೆ ಬೇಕಾದದ್ದು 400 ಲೀಟರ್. ಹಾಗಾಗಿ 40,000 ಲೀಟರಿನ ಆಸುಪಾಸು ಸಂಗ್ರಹ ಬೇಕು.

ಈ ಲೆಕ್ಕದಲ್ಲಿ ಎರಡು ಅಂಶಗಳಿವೆ: ಬಳಕೆ ಮತ್ತು ಸಂಗ್ರಹ. ಜನ ನೆನಪಿಟ್ಟುಕೊಳ್ಳುವುದು ಟ್ಯಾಂಕನ್ನು, ಮರೆಯುವುದು 400 ಲೀಟರನ್ನು. ಬಟ್ಟೆ ಒಗೆದ ನೀರು ಶೌಚಾಲಯಕ್ಕೆ ಹೋಗುವಂತೆ ಮಾಡಿದ್ದರಿಂದಲೇ ಆ ಸಂಖ್ಯೆ ಅಷ್ಟಕ್ಕೆ ನಿಂತಿತು.

ಈಗ 30x40 ಸೈಟಿನ ಮನೆ ನೋಡಿ. ಛಾವಣಿ 80 ಚದರ ಮೀಟರ್, ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಆವಿ, ಎರಚಲು, ಮೊದಲ ಕೊಳೆ ನೀರು ಕಳೆದು 85% ಸಿಕ್ಕಿತೆಂದರೆ ವರ್ಷಕ್ಕೆ 66,000 ಲೀಟರ್. ದಿನಕ್ಕೆ 540 ಲೀಟರ್ ಬಳಸುವ ಮನೆಗೆ ವರ್ಷಕ್ಕೆ ಬೇಕಾದದ್ದು 1,97,000 ಲೀಟರ್. ಮೂರನೇ ಒಂದು ಭಾಗ. ಬಳಕೆಯನ್ನು 400ಕ್ಕೆ ಇಳಿಸಿದರೆ 45%. ನೂರು ಫ್ಲ್ಯಾಟಿನ ಕಟ್ಟಡಕ್ಕೆ ಛಾವಣಿ 2,000 ಚದರ ಮೀಟರ್ ಇದ್ದರೂ ಅದು ಕೊಡುವುದು ಒಟ್ಟು ಅಗತ್ಯದ 8% ಮಾತ್ರ. ಎತ್ತರದ ಕಟ್ಟಡದವರು ‘ಮಳೆನೀರಿನಿಂದ ಸ್ವಾವಲಂಬಿ’ ಎಂಬ ಫಲಕ ಹಾಕಿಕೊಂಡರೆ ಈ ಭಾಗಾಕಾರ ಮಾಡಿ ನೋಡಿ.

2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, ಹಳೆ ಕಟ್ಟಡಗಳಲ್ಲಿ 60x40 ಮತ್ತು ಮೇಲ್ಪಟ್ಟ ಸೈಟುಗಳಿಗೆ, ಹೊಸದರಲ್ಲಿ 30x40 ಮತ್ತು ಮೇಲ್ಪಟ್ಟವಕ್ಕೆ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದರು. ಅದರ ನಂತರ ಕಟ್ಟಿದ ಎಷ್ಟೋ ಮನೆಗಳಲ್ಲಿ ಏನೋ ಒಂದು ಪೈಪು, ಏನೋ ಒಂದು ಡ್ರಮ್ಮು ಇದೆ. ಕೆಲಸ ಮಾಡುವುದು ಕಡಿಮೆ. ಮೊದಲ ದೋಷ, ಕೊಳೆ ನೀರು ಹೊರಹಾಕುವ ಪೈಪಿನ ಅಳತೆ. ಮೊದಲ ಒಂದೂವರೆ ಮಿಲಿಮೀಟರ್ ಮಳೆ ಧೂಳು, ಪಾರಿವಾಳದ ಹಿಕ್ಕೆ ಎಲ್ಲವನ್ನೂ ತೊಳೆದು ತರುತ್ತದೆ. 80 ಚದರ ಮೀಟರ್ ಛಾವಣಿಗೆ ಅದು 120 ಲೀಟರ್. ಪ್ಲಂಬರ್ ಸಾಮಾನ್ಯವಾಗಿ ಇಡುವುದು ಒಂದು ಮೀಟರ್ ಉದ್ದದ 110 ಮಿಲಿಮೀಟರ್ ಪೈಪು, ಬುಡಕ್ಕೊಂದು ಮುಚ್ಚಳ. ಅದರಲ್ಲಿ ಹಿಡಿಯುವುದು ಎಂಟೂವರೆ ಲೀಟರ್. ಮಿಕ್ಕ ಕೊಳೆಯೆಲ್ಲ ಸಂಪಿಗೆ ಹೋಗಿ, ಎರಡನೇ ಮಳೆಗೆ ನೀರು ವಾಸನೆ ಬಂದು, ಮನೆಯವರು ಪೈಪನ್ನೇ ಚರಂಡಿಗೆ ತಿರುಗಿಸುತ್ತಾರೆ. 120 ಲೀಟರಿನ ಡ್ರಮ್ ಇಡಿ. ಅದರ ಬುಡದಲ್ಲಿ ಹನಿಹನಿಯಾಗಿ ಖಾಲಿಯಾಗುವಂತೆ 2 ಮಿಲಿಮೀಟರ್ ತೂತಿರಲಿ. ಮಳೆ ನಿಂತ ಮೇಲೆ ಯಾರೂ ಮುಚ್ಚಳ ಬಿಚ್ಚಲು ಹೋಗುವುದಿಲ್ಲ, ತೂತಿಲ್ಲದಿದ್ದರೆ ಮುಂದಿನ ಮಳೆಗೆ ಡ್ರಮ್ ತುಂಬಿಯೇ ಇರುತ್ತದೆ. ತೂತಿಗೆ ಎಲೆ ಸಿಕ್ಕದಂತೆ ಒಳಗೆ ಜಾಲರಿ ಬೇಕು.

ಎರಡನೆಯ ದೋಷ, ತುಂಬಿದ ಸಂಪು. ವಾಲ್ವ್‌ಮನ್ ನೀರು ಬಿಟ್ಟ ರಾತ್ರಿ ಕಾವೇರಿಯಿಂದ ಸಂಪು ತುಂಬುತ್ತದೆ, ಮರುದಿನ ಸಂಜೆ ಮಳೆ ಬರುತ್ತದೆ. 60 ಮಿಲಿಮೀಟರಿನ ಒಂದು ಸಂಜೆಯ ಮಳೆ ಈ ಛಾವಣಿಯಿಂದ 4,000 ಲೀಟರ್ ತರುತ್ತದೆ, ಹಿಡಿಯಲು ಜಾಗವೇ ಇರುವುದಿಲ್ಲ. ಸಂಪನ್ನು ಎರಡು ಭಾಗ ಮಾಡಿ ಗೋಡೆ ಎಬ್ಬಿಸಿ ಒಂದನ್ನು ಮಳೆಗೇ ಮೀಸಲಿಡಬೇಕು. ಕಟ್ಟುವಾಗಲೇ ಮಾಡಿದರೆ ಒಂದು ಇಟ್ಟಿಗೆ ಗೋಡೆಯ ಖರ್ಚು.

ಉಕ್ಕಿದ್ದು ಇಂಗುಬಾವಿಗೆ ಹೋಗಲಿ. ಮೂರು ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ಬಳೆ ಇಳಿಸಿದ ಬಾವಿ. ಇದನ್ನು ತೋಡುವುದರಲ್ಲಿ ಪಳಗಿದ ಮಣ್ಣುವಡ್ಡರ ಸಮುದಾಯ ನಗರದ ಸುತ್ತಲೇ ಇದೆ. ಒಳಗೆ ಜಲ್ಲಿ, ಮರಳು, ಇದ್ದಿಲು ತುಂಬಬೇಡಿ. ತುಂಬಿದರೆ ಜಾಗವೂ ಹೋಯಿತು, ಹೂಳು ತೆಗೆಯುವ ದಾರಿಯೂ ಮುಚ್ಚಿತು. ಹಾಗೆಂದು ಮುಂದಿನ ವರ್ಷ ಸಾವಿರ ಅಡಿಯ ಬೋರ್‌ವೆಲ್‌ನ ನೀರು ಮೇಲೆ ಬರುತ್ತದೆ ಎಂದು ಕಾಯಬೇಡಿ. ಇಂಗಿದ ನೀರು ಮೊದಲು ಸೇರುವುದು ಕೊಳೆತ ಕಲ್ಲಿನ ಮೇಲು ಪದರಕ್ಕೆ. ಆಳದ ಗ್ರಾನೈಟ್ ಬಿರುಕುಗಳಿಗೆ ಅದು ಇಳಿಯುವುದು ನಿಧಾನ, ಇಳಿಯುವ ಜಾಗವೂ ನಿಮ್ಮ ಸೈಟೇ ಆಗಬೇಕೆಂದಿಲ್ಲ. ಬಡಾವಣೆಯ ನೂರು ಮನೆ ಇಂಗಿಸಿದರೆ ಮೇಲು ಪದರದ ತೆರೆದ ಬಾವಿ ಮತ್ತೆ ಬದುಕಬಹುದು, ಮತ್ತು ಕರೆಂಟಿನ ಲೆಕ್ಕದಲ್ಲಿ ಆ ಬಾವಿಯ 0.2 ಯೂನಿಟ್ ನೀರೇ ಬೇಕಾದದ್ದು.

ಬಕೆಟ್ಟು, ಶವರ್, ಮತ್ತು ಬಿಸಿನೀರು

2024ರ ಮಾರ್ಚ್‌ನಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿಯ ಮೂತಿ) ಕಡ್ಡಾಯ ಮಾಡಿತು. ಕೈ ತೊಳೆಯುವ ಸಿಂಕು, ಅಡುಗೆಮನೆಯ ನಲ್ಲಿಗಳಲ್ಲಿ ಇದು ನಿಜಕ್ಕೂ ಕೆಲಸ ಮಾಡುತ್ತದೆ. ನಿಮಿಷಕ್ಕೆ 10–12 ಲೀಟರ್ ಸುರಿಯುತ್ತಿದ್ದದ್ದು 3–4ಕ್ಕೆ ಇಳಿಯುತ್ತದೆ. ಬಕೆಟ್ ತುಂಬುವ ನಲ್ಲಿಗೆ ಹಾಕಿದರೆ ಉಳಿಯುವುದು ಏನೂ ಇಲ್ಲ. 20 ಲೀಟರ್ ಬಕೆಟ್ಟಿಗೆ 20 ಲೀಟರೇ ಬೇಕು, ತುಂಬಲು ಮೂರು ಪಟ್ಟು ಹೊತ್ತು ಹಿಡಿಯುತ್ತದೆ ಅಷ್ಟೇ. ಗಡಸು ಬೋರ್‌ವೆಲ್ ನೀರಿನಲ್ಲಿ ಜಾಲರಿ ಎರಡು ತಿಂಗಳಿಗೇ ಕಟ್ಟಿಕೊಳ್ಳುತ್ತದೆ. ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಬೇಕು. ಇದನ್ನು ಹೇಳದೆ ಕೊಟ್ಟ ಏರಿಯೇಟರುಗಳು ಈಗ ಡ್ರಾಯರುಗಳಲ್ಲಿವೆ.

ಎತ್ತರದ ಕಟ್ಟಡದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಕೆಳಮಹಡಿಗಳ ಒತ್ತಡದಲ್ಲಿದೆ. ತಾರಸಿಯ ಟ್ಯಾಂಕಿನಿಂದ 50 ಮೀಟರ್ ಕೆಳಗಿರುವ ಮನೆಯ ನಲ್ಲಿಗೆ 5 ಬಾರ್ ಒತ್ತಡ. ಅದನ್ನು 2 ಬಾರಿಗೆ ಇಳಿಸಿದರೆ, ಯಾರೂ ಏನೂ ಅಭ್ಯಾಸ ಬದಲಿಸದೆಯೇ, ತೆರೆದ ನಲ್ಲಿಯ ಹರಿವು 37% ಕಡಿಮೆ. ಒತ್ತಡ ಇಳಿಸುವ ವಾಲ್ವ್ ಬಹುತೇಕ ಕಟ್ಟಡಗಳ ಡಕ್ಟುಗಳಲ್ಲಿ ಇದ್ದೇ ಇರುತ್ತದೆ. ಅದರ ಮುಂದಿನ, ಕಸ ತಡೆಯುವ ಸ್ಟ್ರೈನರ್ ಕಟ್ಟಿಕೊಂಡು ಒಂದು ಮನೆಗೆ ನೀರು ಸಣ್ಣಗೆ ಬಂದ ದಿನ ಪ್ಲಂಬರ್ ಬೈಪಾಸ್ ತೆರೆದು ಹೋಗಿರುತ್ತಾನೆ. ಮತ್ತೆ ಮುಚ್ಚಿದವರಿಲ್ಲ. ಮೊದಲು ನೋಡಬೇಕಾದದ್ದು ಆ ಬೈಪಾಸ್ ವಾಲ್ವಿನ ಹಿಡಿ.

ಇನ್ನು ಇಡೀ ಲೆಕ್ಕವನ್ನು ಬುಡಮೇಲು ಮಾಡುವ ಸಂಗತಿ. 20 ಲೀಟರಿನ ಒಂದು ಬಕೆಟ್ ನೀರನ್ನು 23 ಡಿಗ್ರಿಯಿಂದ 40ಕ್ಕೆ ಕಾಯಿಸಲು 0.4 ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ ತೊರೆಕಾಡನಹಳ್ಳಿಯಿಂದ 220 ಲೀಟರ್ ಕಾವೇರಿ ಬರುತ್ತದೆ. ನಿಮಿಷಕ್ಕೆ 9 ಲೀಟರಿನ ಶವರ್ ಕೆಳಗೆ ಎಂಟು ನಿಮಿಷ ನಿಂತರೆ 1.4 ಯೂನಿಟ್; ನಾಲ್ಕು ಜನರ ಮನೆಯ ಇಡೀ ದಿನದ ನೀರಿನ ಪಂಪಿಂಗ್‌ಗಿಂತ ಹೆಚ್ಚು. ನೀರನ್ನು ನೂರು ಕಿಲೋಮೀಟರ್ ತರುವುದಕ್ಕಿಂತ ಹದಿನೇಳು ಡಿಗ್ರಿ ಕಾಯಿಸುವುದೇ ದುಬಾರಿ. ಹಾಗಾಗಿ ಮನೆಯಲ್ಲಿ ಒಂದೇ ಕಡೆ ನೀರು ಉಳಿಸಬೇಕು ಅಂದರೆ ಅದು ಬಿಸಿನೀರಿನ ಪೈಪಿನಲ್ಲಿ.

ಬೆಂಗಳೂರಿನ ತಾರಸಿಗಳಲ್ಲಿ ಸೋಲಾರ್ ವಾಟರ್ ಹೀಟರುಗಳಿಗೆ ಬರವಿಲ್ಲ. ಹೊಸ ಮನೆಗಳಿಗೆ ಕಡ್ಡಾಯ, ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ, ಎರಡೂ ಸೇರಿ ಆದ ಕೆಲಸ ಇದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನೊಳಗಿನ ಮನೆಗೆ ಆ 50 ರೂಪಾಯಿಯ ಆಕರ್ಷಣೆ ಉಳಿದಿಲ್ಲ. ಕೆಟ್ಟ ಹೀಟರ್ ರಿಪೇರಿ ಮಾಡಿಸುವ ಆತುರವೂ ಹಾಗೇ ಕಡಿಮೆಯಾಗಿದೆ.

ಇರುವ ಹೀಟರುಗಳಲ್ಲೂ ನಷ್ಟ ಎರಡು ಕಡೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 25 ಮೀಟರ್ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು ಇದ್ದರೆ ಅದರೊಳಗೆ ಆರೂವರೆ ಲೀಟರ್ ನೀರಿರುತ್ತದೆ. ರಾತ್ರಿ ತಣ್ಣಗಾದ ಅಷ್ಟೂ ನೀರು ಬಿಸಿ ಬರುವವರೆಗೆ ಮೋರಿಗೆ ಹೋಗುತ್ತದೆ. ಸ್ನಾನಗಳ ನಡುವೆ ಒಂದು ಗಂಟೆ ಬಿಡುವಿದ್ದರೆ ಮತ್ತೆ ಅಷ್ಟೇ. ಒಂದೇ ಬಚ್ಚಲಿಗೆ ಹೋಗುವ ಪೈಪಾದರೆ ಅರ್ಧ ಇಂಚು ಸಾಕು, ಮೂರು ಲೀಟರಿಗೆ ಇಳಿಯುತ್ತದೆ. ಮೇಲೆ ಫೋಮ್ ಹೊದಿಕೆ ಸುತ್ತಿದರೆ ಎರಡನೇ ಸ್ನಾನದವರಿಗೆ ಕಾಯುವ ಕೆಲಸವಿಲ್ಲ. ಎರಡನೆಯದು ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲ್. ಮೋಡದ ದಿನಕ್ಕೆಂದು ಇಟ್ಟ ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ. ಬೆಳಿಗ್ಗೆ ಸ್ನಾನಕ್ಕೆ ನೀರು ಖಾಲಿಯಾದ ಕೂಡಲೇ ಕಾಯಿಲ್ ಪೂರ್ತಿ ಟ್ಯಾಂಕನ್ನು 60 ಡಿಗ್ರಿಗೆ ಕಾಯಿಸಿಬಿಡುತ್ತದೆ. ಹತ್ತು ಗಂಟೆಗೆ ಬಿಸಿಲು ಬಂದಾಗ ಸೂರ್ಯನಿಗೆ ಮಾಡಲು ಕೆಲಸ ಇರುವುದಿಲ್ಲ. ಆ ಸ್ವಿಚ್ಚಿಗೆ ಟೈಮರ್ ಹಾಕಿ, ಬೆಳಗಿನ ಜಾವ 4ರಿಂದ 5ರವರೆಗೆ ಮಾತ್ರ ಓಡುವಂತೆ ಮಾಡಿದರೆ ಮುಗಿಯಿತು.

ಬಳಸಿದ ನೀರಿನ ಕರೆಂಟು

ದೊಡ್ಡ ಕೊಳಚೆ ಶುದ್ಧೀಕರಣ ಘಟಕದಲ್ಲಿ (ಎಸ್‌ಟಿಪಿ) ಸಾವಿರ ಲೀಟರಿಗೆ ಅರ್ಧ ಯೂನಿಟ್ ಆಸುಪಾಸು ಸಾಕಾದರೆ, ಅಪಾರ್ಟ್‌ಮೆಂಟಿನ ಸಣ್ಣ ಎಸ್‌ಟಿಪಿಗೆ ಒಂದರಿಂದ ಎರಡು ಯೂನಿಟ್ ಬೇಕು. ಅಂದರೆ ಮರುಬಳಕೆಯ ನೀರಿಗೂ ಕಾವೇರಿಯಷ್ಟೇ ಕರೆಂಟು ಹೋಗಬಹುದು. ಅಲ್ಲಿ ಉಳಿಯುವುದು ನೀರು, ಕರೆಂಟಲ್ಲ. ಈ ವ್ಯತ್ಯಾಸ ಒಪ್ಪಿಕೊಂಡೇ ಮಾತಾಡಬೇಕು. ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುವ ಶುದ್ಧೀಕರಿಸಿದ ಕೊಳಚೆ ನೀರಿನ ಗುರಿ 440 ಎಂಎಲ್‌ಡಿ. ಅದನ್ನೂ ಪಂಪು ಮಾಡಿಯೇ ಕಳಿಸಬೇಕು. ಕಬ್ಬನ್ ಪಾರ್ಕಿನಂಥ ಕಡೆ, ಬಳಕೆಯ ಪಕ್ಕದಲ್ಲೇ ಶುದ್ಧೀಕರಿಸಿ ಅಲ್ಲೇ ಗಿಡಕ್ಕೆ ಬಿಡುವುದು ಶಕ್ತಿಯ ದೃಷ್ಟಿಯಿಂದ ಲಾಭ.

ಅಪಾರ್ಟ್‌ಮೆಂಟ್ ಎಸ್‌ಟಿಪಿಯಲ್ಲಿ ಕರೆಂಟಿನ ಹೆಚ್ಚು ಪಾಲು ಗಾಳಿ ಊದುವ ಬ್ಲೋಯರಿಗೆ ಹೋಗುತ್ತದೆ. ಬಿಲ್ಲು ನೋಡಿ ಹೌಹಾರಿದ ಸಮಿತಿ ಮೊದಲು ಹೇಳುವುದು ‘ರಾತ್ರಿ ಆಫ್ ಮಾಡಿ’. ಕೊಳೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಬೇಕು. ಎಂಟು ಗಂಟೆ ಗಾಳಿ ಇಲ್ಲದಿದ್ದರೆ ಅವು ಸಾಯತೊಡಗುತ್ತವೆ, ಬೆಳಿಗ್ಗೆ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ನಿಂತ ಬ್ಲೋಯರಿನ ಗಾಳಿಯನ್ನು ನೀರಿನಡಿ ಗುಳ್ಳೆಯಾಗಿ ಬಿಡುವ ಡಿಫ್ಯೂಸರುಗಳ ಸಣ್ಣ ರಂಧ್ರಗಳಿಗೆ ಕೆಸರು ಕೂರುತ್ತದೆ. ಕಟ್ಟಿದ ಡಿಫ್ಯೂಸರ್ ಮೂಲಕ ಊದಲು ಹಗಲು ಇನ್ನೂ ಹೆಚ್ಚು ಕರೆಂಟು ಬೇಕು. ಫ್ಲಶ್‌ನಲ್ಲಿ ವಾಸನೆ ಬಂದಾಗ ನಿವಾಸಿಗಳು ಮರುಬಳಕೆ ಲೈನಿಗೆ ಟ್ಯಾಂಕರ್ ನೀರು ಸೇರಿಸಲು ಹೇಳುತ್ತಾರೆ. ಹೀಗೆ ಒಂದೂವರೆ ಯೂನಿಟ್ ಉಳಿಸಲು ಹೋಗಿ 4 ಯೂನಿಟ್ಟಿನ ನೀರನ್ನು ಶೌಚಾಲಯಕ್ಕೆ ಸುರಿಯುವುದು ನಡೆಯುತ್ತದೆ.

ಮಾಡಬೇಕಾದದ್ದು ಬ್ಲೋಯರಿಗೆ ಆಮ್ಲಜನಕ ಮಾಪಕ ಜೋಡಿಸಿ, 2 ಮಿಲಿಗ್ರಾಂ ದಾಟಿದಾಗ ವೇಗ ಇಳಿಯುವಂತೆ ಮಾಡುವುದು. ಮೇಲೆ ಬೇಡವೆಂದ ವೇಗ ಬದಲಿಸುವ ಡ್ರೈವ್ ಇಲ್ಲಿ ಸಲ್ಲುತ್ತದೆ. ಅದಕ್ಕೆ ದುಡ್ಡಿಲ್ಲವೆಂದರೆ ರಾತ್ರಿ ಅರ್ಧ ಗಂಟೆ ಆನ್, ಅರ್ಧ ಗಂಟೆ ಆಫ್ ಟೈಮರ್ ಇಡಬಹುದು. ಎಸ್‌ಟಿಪಿಗೆ ಪ್ರತ್ಯೇಕ ಸಬ್ ಮೀಟರ್, ಹೊರಬರುವ ಪೈಪಿಗೆ ನೀರಿನ ಮೀಟರ್, ಎರಡನ್ನೂ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬರೆದಿಡಿ. ಯೂನಿಟ್ಟನ್ನು ಸಾವಿರ ಲೀಟರಿನ ಲೆಕ್ಕಕ್ಕೆ ಭಾಗಿಸಿದಾಗ ಬರುವ ಸಂಖ್ಯೆ 1.5 ಇದ್ದದ್ದು ನಿಧಾನಕ್ಕೆ 2ರತ್ತ ಹೋಗುತ್ತಿದ್ದರೆ ಡಿಫ್ಯೂಸರ್ ತೊಳೆಸುವ ಕಾಲ ಬಂದಿದೆ.